ಸ್ಪಂಜಿನ ಜಿಂಕೆಗೆ ಒಂದೇ ಬಾಣ

ನಮ್ಮ ಮನೆಯಲ್ಲಿ ಒಣಮೀನಿನ ಚಟ್ನಿ ನಿಂತುಹೋದದ್ದು ಒಂದು ಸ್ಪಂಜಿನ ಜಿಂಕೆಯ ದೆಸೆಯಿಂದ. ಇದನ್ನು ಹೇಳಿದರೆ ಮಂಗಳೂರಿನಲ್ಲಿರುವ ನನ್ನ ಅಣ್ಣ ಈಗಲೂ ಹೊಟ್ಟೆ ಹಿಡಿದು ನಗುತ್ತಾನೆ. ನಾನು ಕುವೈತ್ ಸಿಟಿಯ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುವವನು. ವಾರವಿಡೀ ತರಕಾರಿಯವರ, ಕೋಳಿಯವರ ಜೊತೆ ಗಂಟಲು ಹರಿದುಕೊಂಡು, ಗುರುವಾರ ಸಂಜೆ ಮೈದಾನ್ ಹವಲ್ಲಿಯ ಫ್ಲಾಟಿಗೆ ಬಂದು ಬಿದ್ದರೆ ನನಗೆ ಬೇಕಾದದ್ದು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ಸುಟ್ಟ ಒಣಮೀನಿನ ಚಟ್ನಿ. ಹೆಚ್ಚೇನೂ ಕೇಳಿದವನಲ್ಲ. ಆ ಚಳಿಗಾಲದಲ್ಲಿ ಹೆಂಡತಿ ಅದಕ್ಕೇ ಕಲ್ಲು ಹಾಕಿದಳು. ಬುಧವಾರದಿಂದ ಶುಕ್ರವಾರದ ತನಕ ಮನೆಯಲ್ಲಿ ಒಣಮೀನು ಸುಡುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಪರಿಮಳದ ಸೋಪು ಮುಟ್ಟುವಂತಿಲ್ಲ ಎಂದು ಕಾನೂನು ತಂದಳು. ಶುಕ್ರವಾರ ಅವಳು ಬಿಲ್ಲು ಹಿಡಿದು ಮರುಭೂಮಿಯಲ್ಲಿ ಜಿಂಕೆಯ ಹತ್ತಿರ ತೆವಳಬೇಕು, ಜಿಂಕೆಗೆ ಮನುಷ್ಯರ ವಾಸನೆ ಸಿಗಬಾರದು.

ಜಿಂಕೆ ಎಂದರೆ ಜೀವವಿರುವ ಜಿಂಕೆಯಲ್ಲ. ಗಟ್ಟಿ ಸ್ಪಂಜನ್ನು ಅಚ್ಚಿಗೆ ಹಾಕಿ, ಮೇಲೆ ಬಣ್ಣ ಬಳಿದ ಗೊಂಬೆ. ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಬೊಬ್ಬೆ ಹಾಕಿದೆ.

"ಅದು ಸ್ಪಂಜು ಮಾರಾಯ್ತಿ. ಅದಕ್ಕೆ ಮೂಗು ಉಂಟಾ?"

"ಉಂಟು ಅಂತ ತಿಳ್ಕೊಂಡೇ ಹೋಗ್ಬೇಕು," ಎಂದಳು. ಅಷ್ಟು ಹೇಳಿ ಒಣಮೀನಿನ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಬಾಲ್ಕನಿಗೆ ಒಯ್ದಿಟ್ಟಳು.

ನನ್ನ ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿಗೆ ನನಗಿಂತ ಮೊದಲು ಬಂದವಳು. ರೋಗಿಗಳನ್ನು ಎತ್ತಿ, ಮಗ್ಗುಲು ಬದಲಿಸಿ, ಅವಳ ಬಲ ಭುಜ ಒಂದು ವರ್ಷ ಪೂರ್ತಿ ಹಿಡಿದುಕೊಂಡಿತು. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ, ನಾನೇ ಜಡೆ ಹಾಕಿಕೊಟ್ಟಿದ್ದೇನೆ, ಅದೂ ಬೈದುಕೊಂಡು. ಭುಜ ಸ್ವಲ್ಪ ಸಡಿಲವಾದ ಮೇಲೆ ವ್ಯಾಯಾಮ ಹೇಳಿಕೊಡುವವರು ರಬ್ಬರ್ ಪಟ್ಟಿ ಎಳೆಯಲು ಹೇಳಿದರು. ಜೊತೆಯ ನರ್ಸ್ ಒಬ್ಬಳು, ರಬ್ಬರನ್ನೇ ಯಾಕೆ ಎಳೆಯುವುದು, ಬಾ ಬಿಲ್ಲು ಎಳೆ ಎಂದು ಒಂದು ಬಿಲ್ಲುಗಾರಿಕೆ ಕ್ಲಬ್ಬಿನ ಹಾಲಿಗೆ ಕರೆದುಕೊಂಡು ಹೋದಳು. ಹಾಗೆ ಶುರುವಾದದ್ದು. ಒಂದು ತಿಂಗಳಲ್ಲಿ ಹುಚ್ಚು ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ.

ಅಲ್ಲಿ ಕಲಿಸುತ್ತಿದ್ದವರು ಒಬ್ಬ ಕುವೈತಿ ಮುದುಕರು. ಸೈನ್ಯದಿಂದ ನಿವೃತ್ತರಾದವರು, ತೆಳ್ಳಗೆ, ಎತ್ತರಕ್ಕೆ, ಮಾತು ಬಲು ಕಡಿಮೆ. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಪ್ರಾಯದಲ್ಲಿ ದೇಶ ದೇಶ ತಿರುಗಿ ಬಿಲ್ಲಿನಲ್ಲೇ ಬೇಟೆಯಾಡಿದವರಂತೆ. ಈಗ ಇಲ್ಲಿ ಬೇಟೆಗೆ ಅವಕಾಶವಿಲ್ಲ, ಅವರಿಗೂ ಕೊಂದದ್ದು ಸಾಕಾಗಿತ್ತು. ಆದರೆ ಬೇಟೆಯ ಶಿಸ್ತು ಮಾತ್ರ ಬಿಡಲು ಮನಸ್ಸಿರಲಿಲ್ಲ. ಹಾಲಿನೊಳಗೆ ದೀಪದ ಕೆಳಗೆ, ಗೆರೆಯ ಮೇಲೆ ನೆಟ್ಟಗೆ ನಿಂತು ಬಣ್ಣದ ವೃತ್ತಕ್ಕೆ ಹೊಡೆಯುವುದು ಅವರ ಪ್ರಕಾರ ಕೇರಂ ಆಡಿದಂತೆ. ಚಳಿಗಾಲ ಬಂತೆಂದರೆ ಆಯ್ದ ಕೆಲವರನ್ನು ಮುತ್ಲಾ ಕಡೆಯ ಮರುಭೂಮಿಯಲ್ಲಿ ಹಾಕುವ ತಮ್ಮ ಡೇರೆಗೆ ಕರೆಸಿಕೊಂಡು, ಬಯಲಿನಲ್ಲಿ ಎಲ್ಲೋ ಸ್ಪಂಜಿನ ಜಿಂಕೆಯನ್ನು ಅಡಗಿಸಿಟ್ಟು, ಹೋಗಿ ಹೊಡೆಯಿರಿ ಎನ್ನುತ್ತಿದ್ದರು.

ಅವರ ಪರೀಕ್ಷೆ ಹೀಗೆ. ದಿನಕ್ಕೆ ಒಂದೇ ಬಾಣ. ಮೊದಲು ನಾಲ್ಕು ಹೊಡೆದು ಕೈ ಸಡಿಲ ಮಾಡಿಕೊಳ್ಳುವಂತಿಲ್ಲ, ಯಾಕೆಂದರೆ ಕಾಡಿನಲ್ಲಿ ಜಿಂಕೆ ನಿಮ್ಮ ಕೈ ಸಡಿಲವಾಗಲಿ ಎಂದು ಕಾಯುವುದಿಲ್ಲ. ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ. ಬಿಲ್ಲಿಗೆ ಗುರಿ ಹಿಡಿಯುವ ಸಾಧನ ಯಾವುದೂ ಇರುವುದಿಲ್ಲ. ದಪ್ಪ ಜಾಕೆಟ್ ಹಾಕಿಕೊಂಡು, ತೆವಳಿ, ಮಂಡಿಯೂರಿ, ಏದುಸಿರಿನಲ್ಲಿ ಹೊಡೆಯಬೇಕು. ಬಾಣ ಎದೆಯ ವೃತ್ತದೊಳಗೆ ನಾಟಬೇಕು. ಇದಿಷ್ಟೂ ಆದರೂ ಗಾಳಿ ನಿಮ್ಮಿಂದ ಜಿಂಕೆಯ ಕಡೆಗೆ ಬೀಸುತ್ತಿದ್ದರೆ ಲೆಕ್ಕಕ್ಕಿಲ್ಲ. ಉಸ್ತಾದ್ ಹೊಡೆಯುವವರ ಹಿಂದೆ ಸ್ವಲ್ಪ ದೂರದಲ್ಲಿ ಕೂತು, ಬಾಣ ಹೊರಡುವ ಹೊತ್ತಿಗೆ ಸಣ್ಣ ಕುಪ್ಪಿಯನ್ನು ಹಿಚುಕಿ ಬಿಳಿ ಪುಡಿ ಹಾರಿಸುತ್ತಿದ್ದರು. ಪುಡಿ ಜಿಂಕೆಯ ಕಡೆ ತೇಲಿತೆಂದರೆ ಜಿಂಕೆ ನಿಮ್ಮ ವಾಸನೆ ಹಿಡಿದು ಆಗಲೇ ಓಡಿಹೋಗಿದೆ ಎಂದರ್ಥ. ಬಾಣ ಹೃದಯದಲ್ಲೇ ನಿಂತಿರಲಿ, ಫೇಲು.

ಅವಳ ಬಿಲ್ಲು ಕ್ಲಬ್ಬಿನ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಹಾಗಾಗಿ ಮನೆಯಲ್ಲಿ ಅವಳ ಅಭ್ಯಾಸವೆಲ್ಲ ರಬ್ಬರ್ ಪಟ್ಟಿಯಲ್ಲಿ. ಡ್ಯೂಟಿ ಮುಗಿಸಿ ಬಂದವಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಎದೆ ಡವಗುಟ್ಟುತ್ತಿರುವಾಗಲೇ ಟೆರೇಸಿನ ನೀರಿನ ಟ್ಯಾಂಕಿಯ ಹಿಂದೆ ಮಂಡಿಯೂರಿ ಪಟ್ಟಿ ಎಳೆದು ಹಿಡಿಯುತ್ತಿದ್ದಳು. ಎಳೆಯುವುದೂ ಎಷ್ಟು ನಿಧಾನವೆಂದರೆ, ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯಾಕೆಗೆ ಮಗ್ಗುಲಲ್ಲಿ ಒಬ್ಬಳು ಇದ್ದಾಳೆಂದೇ ಗೊತ್ತಾಗದೆ, ಗೊತ್ತಾದಾಗ ಕಿರುಚಿದ್ದಳು. ಬೀದಿಯಲ್ಲಿ ನಡೆಯುವಾಗ ಇನ್ನೊಂದು ಕಾಟ. ಆ ದರ್ಜಿಯ ಬೋರ್ಡು ಇಲ್ಲಿಂದ ಎಷ್ಟು ದೂರ ಹೇಳಿ ನೋಡುವಾ ಎಂದು ನನ್ನನ್ನು ನಿಲ್ಲಿಸಿ, ತಾನೂ ಒಂದು ಅಂದಾಜು ಹೇಳಿ, ಆಮೇಲೆ ಹೆಜ್ಜೆ ಹಾಕಿ ಅಳೆಯುವುದು. ಕಾರಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಮುಖ ಮುಚ್ಚಿಕೊಂಡು ಆಚೆ ಫುಟ್‌ಪಾತಿಗೆ ಹೋಗಿಬಿಡುತ್ತಿದ್ದೆ. ತಮಾಷೆಯೆಂದರೆ ಆ ಚಳಿಗಾಲ ಮುಗಿಯುವಷ್ಟರಲ್ಲಿ ಅವಳ ಅಂದಾಜು ಒಂದು ಮಾರು ಕೂಡ ತಪ್ಪುತ್ತಿರಲಿಲ್ಲ.

ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಬಿದ್ದಿದ್ದಳು. ಮೊದಲ ಸಲ ದೂರ ತಪ್ಪಿ ಬಾಣ ಜಿಂಕೆಯ ಬೆನ್ನ ಮೇಲಿಂದ ಹಾರಿಹೋಯಿತು. ಅದೇನೂ ದೊಡ್ಡದಲ್ಲ, ನಗುತ್ತಾ ಬಂದಳು. ಎರಡನೆಯ ಸಲ ಅವಸರ ಮಾಡಿದಳು, ಬಾಣ ಹೊಟ್ಟೆಗೆ ತಗುಲಿತು. ಹೊಟ್ಟೆಗೆ ತಗುಲಿದ ಜಿಂಕೆ ಬೀಳುವುದಿಲ್ಲ, ಓಡುತ್ತದೆ, ಎಲ್ಲೋ ಅಡಗಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಉಸ್ತಾದರ ಹತ್ತಿರ ಅದಕ್ಕೂ ಒಂದು ಪದ್ಧತಿ. ಮೊದಲೇ ಬಯಲಿನ ಪೊದೆಗಳಿಗೆ ಅಲ್ಲಲ್ಲಿ ಕೆಂಪು ದಾರದ ತುಂಡು ಕಟ್ಟಿಟ್ಟಿರುತ್ತಾರೆ. ಹೊಟ್ಟೆಗೆ ಹೊಡೆದವರು ಆ ದಾರವನ್ನೇ ರಕ್ತವೆಂದುಕೊಂಡು ಹುಡುಕುತ್ತಾ ಹೋಗಬೇಕು, ಕೊನೆಯ ದಾರ ಸಿಗುವವರೆಗೆ ಹಿಂದಿರುಗುವಂತಿಲ್ಲ. ಅವಳು ಸೂರ್ಯ ಮುಳುಗುವ ತನಕ ನಡೆದಳು. ಕಾರಿನಲ್ಲಿ ಕೂತ ಮೇಲೆ ನಾನು ಏನೋ ಚೇಷ್ಟೆಯ ಮಾತು ಹೇಳಲು ಹೋದೆ. ನೋಡಿದರೆ ಅವಳು ಅಂಗೈಯಲ್ಲಿ ಆ ದಾರಗಳನ್ನು ಹಿಡಿದುಕೊಂಡು ಅಳುತ್ತಿದ್ದಳು.

ಇಷ್ಟು ಕಷ್ಟ ಯಾಕೆ ಎಂದು ಒಮ್ಮೆ ಕೇಳಿದೆ. ಪಾಸಾದವರನ್ನು ಉಸ್ತಾದ್ ವಸಂತಕಾಲದಲ್ಲಿ ಒಮಾನಿನ ಬೆಟ್ಟಗಳಿಗೆ ಕರೆದೊಯ್ಯುತ್ತಾರೆ, ಅಲ್ಲಿ ಕಣಿವೆಗಳಲ್ಲಿ ಸ್ಪಂಜಿನ ಕಾಡುಮೇಕೆಗಳನ್ನಿಟ್ಟು ವಾರವಿಡೀ ಆಟ. ಅವಳಿಗೆ ಅಲ್ಲಿಗೆ ಹೋಗಬೇಕಿತ್ತು. ಆಸ್ಪತ್ರೆಯ ಅವಳ ಕರಾರು ಬೇಸಿಗೆಗೆ ಮುಗಿಯುತ್ತಿತ್ತು, ಆಮೇಲೆ ಇಬ್ಬರೂ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಭುಜ ಕೂಡ ಮತ್ತೆ ಹಿಡಿಯಲು ಶುರುವಾಗಿತ್ತು. ಡೇರೆ ಎತ್ತುವ ಮೊದಲು ಉಳಿದದ್ದು ಒಂದೇ ಪರೀಕ್ಷೆ. ಅದೂ ಹೋದರೆ ಬಿಲ್ಲು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು. ಈ ಊರಿಗೆ ಬಂದಾಗಿನಿಂದ ಮಾಡಿದ್ದೆಲ್ಲ ಇನ್ನೊಬ್ಬರಿಗಾಗಿ, ರೋಗಿಗಳಿಗೆ, ತಮ್ಮಂದಿರಿಗೆ, ಮಗಳಿಗೆ, ನಿಮಗೆ, ಎಂದು ಸಾವಕಾಶವಾಗಿ ಹೇಳಿದಳು. ದೂರುವ ದನಿಯಲ್ಲಿ ಹೇಳಲಿಲ್ಲ, ಅದೇ ನನಗೆ ಹೆಚ್ಚು ನಾಟಿತು.

ಕೊನೆಯ ಪರೀಕ್ಷೆಯ ಶುಕ್ರವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ಮೂರನೆಯವರು ನಮ್ಮ ಕಟ್ಟಡದ ಕೆಳಗೆ ದಿನಸಿ ಅಂಗಡಿ ನಡೆಸುವ ಬ್ಯಾರಿ, ನಮ್ಮ ಜಿಲ್ಲೆಯವರೇ. ಅವರೂ ಉಸ್ತಾದರ ಹತ್ತಿರವೇ ಬಿಲ್ಲು ಕಲಿಯುತ್ತಿದ್ದವರು, ಅವರಿಗೂ ಆವತ್ತೇ ಪರೀಕ್ಷೆ. ದಾರಿಯಲ್ಲಿ ಪೂರ್ತಿ ಮಾತಾಡಿದ್ದು ಅವರೊಬ್ಬರೇ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ ರಸ್ತೆ ಬದಿಯ ಬಾವುಟಗಳು ಯಾವ ಕಡೆ ಹಾರುತ್ತಿವೆ ಎಂದು ಗಮನಿಸುತ್ತಿದ್ದಳು. ದಕ್ಷಿಣದ ಗಾಳಿ, ಬೆಚ್ಚಗೆ, ಸ್ವಲ್ಪ ತೇವ.

ಹಿಂದಿನ ವಾರ ಮಳೆ ಬಿದ್ದಿತ್ತು. ಮುತ್ಲಾದ ದಿಬ್ಬಗಳನ್ನು ದಾಟಿ ಡೇರೆಯ ಹತ್ತಿರ ಇಳಿದಾಗ ನಾನು ಕಾರಿನ ಬಾಗಿಲು ಹಾಕುವುದನ್ನೇ ಮರೆತೆ. ಇಷ್ಟು ವರ್ಷ ಬೂದಿಯ ಬಣ್ಣದ್ದೆಂದೇ ನಾನು ತಿಳಿದಿದ್ದ ನೆಲದ ಮೇಲೆ ಕಣ್ಣು ಹರಿಯುವಷ್ಟು ದೂರ ತೆಳ್ಳನೆ ಹಸಿರು ಹಬ್ಬಿತ್ತು. ನಡುವೆ ಅಂಗುಲದೆತ್ತರದ ಹಳದಿ ಹೂಗಳು, ಪ್ರತಿಯೊಂದರ ಮೇಲೂ ಇಬ್ಬನಿ. ಶಬ್ದವೇ ಇಲ್ಲ. ನನ್ನ ಉಸಿರು ನನಗೇ ಜೋರಾಗಿ ಕೇಳಿ ಮುಜುಗರವಾಯಿತು. ಬದುಕಿನಲ್ಲಿ ದೇವಸ್ಥಾನದೊಳಗೂ ದನಿ ತಗ್ಗಿಸದ ನಾನು ಅಲ್ಲಿ ಪಿಸುಮಾತಿನಲ್ಲಿ ಬ್ಯಾರಿಯವರಿಗೆ, ಬಾಗಿಲು ಮೆಲ್ಲ ಹಾಕಿ ಎಂದೆ.

ಡೇರೆಯೊಳಗೆ ಉಸ್ತಾದರ ತಾಯಿ ಇದ್ದರು. ತುಂಬಾ ವಯಸ್ಸಾದವರು, ಕಣ್ಣು ಮಂಜು, ಮಂಡಿ ಮಡಚಲಾಗುತ್ತಿರಲಿಲ್ಲ. ಆ ವಾರ ಮಳೆಯ ಹಸಿರು ಮುಟ್ಟಿ ನೋಡಬೇಕೆಂದು ಹಟ ಹಿಡಿದು ಮಗನ ಜೊತೆ ಬಂದಿದ್ದರಂತೆ. ಏಲಕ್ಕಿ ಹಾಕಿದ ಕಾಫಿ ಆಯಿತು, ಖರ್ಜೂರ ಆಯಿತು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅಜ್ಜಿ ಎದ್ದು, ಕಂಬ ಹಿಡಿದು, ಹೊಗೆಯಾಡುವ ಧೂಪದ ಪಾತ್ರೆಯನ್ನು ತಾವೇ ಹಿಡಿದುಕೊಂಡು ನಮ್ಮ ಕಡೆ ಬಂದರು. ಮನೆಗೆ ಬಂದವರಿಗೆ ಊದಿನ, ಅಂದರೆ ಅಗರು ಮರದ, ಧೂಪ ಹಿಡಿಯುವುದು ಇಲ್ಲಿ ದೊಡ್ಡ ಮರ್ಯಾದೆ. ಹೊಗೆಯನ್ನು ಬಟ್ಟೆಗೂ ಕೂದಲಿಗೂ ಎಳೆದುಕೊಳ್ಳಬೇಕು, ವಾಸನೆ ಎರಡು ದಿನ ಹೋಗುವುದಿಲ್ಲ.

ಬ್ಯಾರಿಯವರು ಬುದ್ಧಿವಂತರು. ಎದೆಯ ಮೇಲೆ ಕೈಯಿಟ್ಟು, ದುವಾ ಬೇಡಿ, ಎರಡು ಹೆಜ್ಜೆ ಹಿಂದೆ ಸರಿದು ಜಾರಿಕೊಂಡರು. ನಾನು ಹೆಂಡತಿಗೆ ಕಣ್ಣಿನಲ್ಲೇ, ಬೇಡ, ಬೇಡ ಎಂದೆ. ಅವಳು ನನ್ನನ್ನು ನೋಡಲೇ ಇಲ್ಲ. ಅಜ್ಜಿಯ ಕೈ ನಡುಗುತ್ತಿದ್ದುದನ್ನು ನೋಡಿ ಪಾತ್ರೆಯ ಕೆಳಗೆ ತನ್ನ ಕೈ ಕೊಟ್ಟಳು. ಜಾಕೆಟಿನ ಜಿಪ್ ಬಿಚ್ಚಿ ಹೊಗೆಯನ್ನು ಒಳಗೆ ತೆಗೆದುಕೊಂಡಳು. ತಲೆ ಬಗ್ಗಿಸಿದಳು, ಅಜ್ಜಿ ಇನ್ನೊಂದು ಕೈಯಲ್ಲಿ ಹೊಗೆಯನ್ನು ಅವಳ ಕೂದಲಿಗೆ ಸವರಿದರು. ಒಂದು ಇಡೀ ಚಳಿಗಾಲ ನಾನು ಬಾಯಿ ಕಟ್ಟಿಕೊಂಡದ್ದು ಆ ಕ್ಷಣದಲ್ಲಿ ಹೊಗೆಯಾಗಿ ಹೋಯಿತು. ನನಗೆ ಎಷ್ಟು ಉರಿಯಿತೆಂದರೆ ಹೊರಗೆ ಹೋಗಿ ಕಾರಿನ ಟಯರಿಗೆ ಒದ್ದೆ. ಉಸ್ತಾದ್ ಎಲ್ಲವನ್ನೂ ನೋಡಿದ್ದರು.

ಡೇರೆಯಿಂದ ಉತ್ತರಕ್ಕೆ ಒಂದು ಒಣ ತೋಡು, ಅದರಾಚೆ ಇಳಿಜಾರು ದಿಬ್ಬ. ಜಿಂಕೆ ಆ ದಿಬ್ಬದ ನಡುವೆ ಎಲ್ಲೋ ಇತ್ತು. ಗಾಳಿ ದಕ್ಷಿಣದಿಂದ, ಅಂದರೆ ನಮ್ಮ ಬೆನ್ನಿನಿಂದ ನೇರ ಜಿಂಕೆಯ ಕಡೆಗೆ. ದಿಬ್ಬದ ಆಚೆಯಿಂದ ಬರೋಣವೆಂದರೆ ಅಲ್ಲಿ ಕಡಿದಾದ ಜರಿ, ಮಣ್ಣು ಕುಸಿಯುತ್ತದೆ. ಮೊದಲು ಬ್ಯಾರಿಯವರು ಹೋದರು. ತೋಡಿನ ಅಂಚಿನಲ್ಲಿ ಪೊದೆಯ ಮರೆಗೆ ಮಂಡಿಯೂರಿ, ಬಿಸ್ಮಿಲ್ಲಾ ಹೇಳಿ ಬಾಣ ಬಿಟ್ಟರು. ದೇವರ ಹೆಸರು ಹೇಳದೆ ಬಿಟ್ಟ ಬಾಣದ ಬೇಟೆ ಹಲಾಲ್ ಅಲ್ಲ, ಸ್ಪಂಜಾದರೂ ಅಭ್ಯಾಸ ತಪ್ಪಬಾರದು ಎನ್ನುವುದು ಅವರ ಮಾತು. ಬಾಣ ಎದೆಯ ವೃತ್ತದೊಳಗೇ ಕೂತಿತು. ಆದರೆ ಉಸ್ತಾದರ ಬಿಳಿ ಪುಡಿ ಅವರ ಕಿವಿಯ ಪಕ್ಕದಿಂದ ತೇಲಿ ನೆಟ್ಟಗೆ ಜಿಂಕೆಯ ಕಡೆ ಹೋಯಿತು. ಬ್ಯಾರಿಯವರು ಅದು ಹೋಗುವುದನ್ನು ನೋಡುತ್ತಾ ನಿಂತರು. ಆಮೇಲೆ ನನ್ನ ಹತ್ತಿರ ಬಂದು ಕೂತು, ಖಲಾಸ್ ಮಾರಾಯ್ರೆ, ನನ್ನ ಜಿಂಕೆ ಆಗಲೇ ಗಡಿ ದಾಟಿ ಬಸ್ರಾ ಮುಟ್ಟಿತು ಎಂದರು.

ಉಸ್ತಾದ್ ಹೋಗಿ ಬಾಣ ಕಿತ್ತು, ಜಿಂಕೆಯನ್ನು ಬೇರೆ ಕಡೆ ಇಟ್ಟು ಬಂದರು. ಈಗ ಅವಳ ಸರದಿ. ನಾನು ಒಂದು ಸಣ್ಣ ಗುಡ್ಡೆಯ ಮೇಲೆ ಕೂತಿದ್ದೆ, ಅಲ್ಲಿಂದ ಎಲ್ಲ ಕಾಣುತ್ತಿತ್ತು. ಅವಳು ತೋಡಿಗಿಳಿದು ಬಾಗಿ ನಡೆದಳು, ಆಮೇಲೆ ತೆವಳಿದಳು. ಬ್ಯಾರಿಯವರು ಕೂತ ಪೊದೆಯನ್ನು ದಾಟಿ, ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಹೋಗಿ, ಗಾಳಿ ಅಡ್ಡ ಬೀಸುವ ಕಡೆ ಒಂದು ಅರ್ಫಜ್ ಪೊದೆಯ ಹಿಂದೆ ನಿಂತಳು. ನಿಂತಳು ಎಂದರೆ ಮಂಡಿಯ ಮೇಲೆ. ಜಿಂಕೆ ಅವಳಿಂದ ಮೇಲಕ್ಕೆ, ಎರಡು ಪೊದೆಗಳ ನಡುವೆ, ಭುಜದ ಭಾಗ ಮಾತ್ರ ತೋರುತ್ತಾ ಇತ್ತು. ಅವಳು ಬಿಲ್ಲೆತ್ತಿದಳು. ಎಳೆದಳು. ಆ ನಿಧಾನ ನನಗೆ ಗೊತ್ತಿದ್ದದ್ದೇ, ಆದರೂ ಮೈ ಜುಮ್ಮೆಂದಿತು. ಕೈ ಕೆನ್ನೆಗೆ ಬಂದು ನಿಂತಿತು. ಬಿಡು, ಬಿಡು ಮಾರಾಯ್ತಿ ಎಂದು ನಾನು ಹಲ್ಲು ಕಚ್ಚಿದೆ.

ಬಿಡಲಿಲ್ಲ. ಎಳೆದಷ್ಟೇ ನಿಧಾನವಾಗಿ ಬಿಲ್ಲಿನ ಹೆದೆಯನ್ನು ಮುಂದಕ್ಕೆ ತಂದು ಬಿಲ್ಲು ಇಳಿಸಿದಳು.

ಉಸ್ತಾದ್ ಆಗಲೇ ಹಿಚುಕಿಬಿಟ್ಟಿದ್ದ ತಮ್ಮ ಪುಡಿಯನ್ನು ನೋಡಿದರು. ಅದು ಜಿಂಕೆಯ ಕಡೆ ಹಾರಿರಲಿಲ್ಲ, ಅವರ ಕಾಲ ಬುಡದಲ್ಲೇ ಬಿದ್ದಿತ್ತು. ಅವರ ಲೆಕ್ಕದಲ್ಲಿ ಗಾಳಿ ಸರಿಯಾಗಿಯೇ ಇತ್ತು. ಅವಳು ತಲೆ ತಿರುಗಿಸದೆ ಆಸ್ಪತ್ರೆಯಲ್ಲಿ ಕಲಿತ ಅರಬಿಯಲ್ಲಿ ಏನೋ ಪಿಸುಗುಟ್ಟಿದಳು. ಆಮೇಲೆ ನನಗೆ ತಿಳಿದಂತೆ, ಕುತ್ತಿಗೆಯ ಹಿಂದೆ ತಣ್ಣಗೆ ತಾಗಿತು, ಗಾಳಿ ಸುಳಿದು ಮೇಲಕ್ಕೆ ಜಿಂಕೆಯ ಕಡೆ ಹೋಯಿತು, ನನ್ನ ಮೈಯಲ್ಲಿ ಊದು ಉಂಟು ಎಂದಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಟ್ಟಿದ್ದರೆ ಪಾಸಾಗುತ್ತಿದ್ದಳು. ಆ ಸುಳಿಗಾಳಿ ಅವಳಿಗೂ ಅವಳ ಕುತ್ತಿಗೆಗೂ ಮಾತ್ರ ಗೊತ್ತಿದ್ದದ್ದು.

ನಾನು ದಡಬಡ ಇಳಿದು ಹೋಗಿ, ತೋಡಿನ ಆಚೆ ಉಸ್ತಾದರ ಹತ್ತಿರ ನಿಂತು, ಪರೀಕ್ಷೆ ಮುಗಿಯಿತಾ ಎಂದು ಕೇಳಿದೆ. ದನಿ ಜೋರಾಗಿತ್ತೋ ಏನೋ, ಅವರು ಮೊದಲು ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ತಮ್ಮ ಅರೆಬರೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು.

"ಬಾಣ ಇನ್ನೂ ಅವಳ ಹತ್ತಿರವೇ ಇದೆ. ಜಿಂಕೆಗೆ ಇನ್ನೂ ಏನೂ ಗೊತ್ತಿಲ್ಲ. ಮತ್ತೆ ಮುಗಿಯುವುದು ಹೇಗೆ?"

ಎಷ್ಟು ಹೊತ್ತು ಅವಕಾಶ ಎಂದೆ. ಅವರು ಜಿಂಕೆಯ ಕಡೆ ಗಲ್ಲ ಎತ್ತಿ ತೋರಿಸಿದರು, ಅದನ್ನೇ ಕೇಳು ಎನ್ನುವಂತೆ. ಹೊತ್ತಿನ ಬಗ್ಗೆ ಅವರ ಪರೀಕ್ಷೆಯಲ್ಲಿ ನಿಯಮವೇ ಇರಲಿಲ್ಲವಂತೆ. ಇದುವರೆಗೆ ಯಾರೂ ಕಾಯಲು ಹೋಗಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ. ಮುದುಕರು ತಾವೂ ಮರಳಿನ ಮೇಲೆ ಕಾಲು ಮಡಚಿ ಕೂತುಬಿಟ್ಟರು.

ಅವಳು ಕಾದಳು. ನಾನು ಸಿಗ್ನಲಿನಲ್ಲಿ ಕೆಂಪು ದೀಪಕ್ಕೆ ಬೈಯುವ ಮನುಷ್ಯ. ಮೊದಲ ಅರ್ಧ ಗಂಟೆ ನನಗೆ ಕೆಟ್ಟ ಕೋಪ. ಆ ಸ್ಪಂಜು ಎಲ್ಲಿಗೂ ಓಡುವುದಿಲ್ಲ, ಇವಳಿಗೆ ಬುದ್ಧಿಯಿಲ್ಲ, ಆ ಮುದುಕರಿಗೆ ಮೊದಲೇ ಇಲ್ಲ ಎಂದು ಬ್ಯಾರಿಯವರ ಕಿವಿ ತಿಂದೆ. ಅವರು ಊಟಕ್ಕೆ ಡೇರೆಗೆ ಹೋದರು. ಅಜ್ಜಿ ನನ್ನನ್ನೂ ಕರೆಸಿದರು, ಅನ್ನ, ಕುರಿ ಮಾಂಸ, ಹಾಕಿದ್ದೂ ಆಯಿತು. ತಟ್ಟೆ ಬಿಟ್ಟು ಮತ್ತೆ ಗುಡ್ಡೆಗೆ ಬಂದರೆ ಅವಳು ಬಿಟ್ಟಲ್ಲೇ ಇದ್ದಳು. ಬಲ ಮಂಡಿ ನೆಲದಲ್ಲಿ, ಎಡ ಮಂಡಿ ಮೇಲೆ, ತೊಡೆಯ ಮೇಲೆ ಅಡ್ಡ ಬಿಲ್ಲು, ಬಾಣ ಹೆದೆಯಲ್ಲಿ.

ಆಮೇಲೆ ಯಾವಾಗಲೋ ನನ್ನ ಕೋಪ ಹೋಯಿತು. ಹೇಗೆ ಹೋಯಿತೆಂದು ಹೇಳಲಾರೆ. ಒಂದು ಸಣ್ಣ ಹಕ್ಕಿ ಬಂದು ಅವಳ ಮುಂದಿನ ಪೊದೆಯ ಮೇಲೆ ಕೂತಿತು, ಅಲ್ಲಿಂದ ನೆಲಕ್ಕಿಳಿದು ಅವಳ ಬೂಟಿನ ಹತ್ತಿರ ಏನೋ ಹೆಕ್ಕಿತು. ಅದಕ್ಕೆ ಅಲ್ಲಿ ಮನುಷ್ಯಳಿದ್ದಾಳೆಂದು ಗೊತ್ತಿರಲಿಲ್ಲ. ಜಾಕೆಟಿನೊಳಗೆ ಊದಿನ ವಾಸನೆ ತುಂಬಿಕೊಂಡು, ನೋಯುವ ಭುಜ ಇಟ್ಟುಕೊಂಡು, ಐವತ್ತರ ಹತ್ತಿರ ಬಂದ ಹೆಂಗಸು ಆ ಬಯಲಿನಲ್ಲಿ ಬಯಲಾಗಿ ಕೂತಿದ್ದಳು. ಇಪ್ಪತ್ತು ವರ್ಷ ಜೊತೆಗೆ ಸಂಸಾರ ಮಾಡಿದ್ದೇನೆ, ಅವಳ ಮದ್ದು, ಅವಳ ಡ್ಯೂಟಿ, ಅವಳ ಗೊರಕೆ ಎಲ್ಲ ಗೊತ್ತುಂಟು ಎಂದುಕೊಂಡವನು ನಾನು. ಇವಳು ಯಾರು ಎಂದು ಅನಿಸಿತು. ಹೆಮ್ಮೆಗಿಂತ ಮೊದಲು ನನಗೆ ಆದದ್ದು ಹೆದರಿಕೆ. ಎಷ್ಟೋ ಡ್ಯೂಟಿಗಳಲ್ಲಿ, ಯಾರ ಯಾರದೋ ಹಾಸಿಗೆಯ ಪಕ್ಕ, ಉಸಿರು ಬರುತ್ತದೋ ನಿಲ್ಲುತ್ತದೋ ಎಂದು ಇವಳು ಹೀಗೆಯೇ ಕೂತಿರಬೇಕು, ನಾನು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನ ದಾಟುವಾಗ ಬೆಚ್ಚಗಿದ್ದ ಗಾಳಿ ನಿಂತೇಹೋಯಿತು. ಹೂಗಳು ಅಲ್ಲಾಡಲಿಲ್ಲ. ವಾಯವ್ಯದಲ್ಲಿ ಆಕಾಶದ ಬುಡ ಮಣ್ಣಿನ ಬಣ್ಣಕ್ಕೆ ತಿರುಗಿತು. ಬ್ಯಾರಿಯವರು ಡೇರೆಯ ಬಾಗಿಲಿಗೆ ಬಂದು ನಿಂತರು. ಅಜ್ಜಿ ಅವರ ತೋಳು ಹಿಡಿದುಕೊಂಡು ಹೊರಗೆ ಬಂದು, ಕಾಣದ ಕಣ್ಣಿನಲ್ಲಿ ಆ ಕಡೆಗೇ ಮುಖ ಮಾಡಿದರು. ಮೊದಲು ನನ್ನ ಮೂಗಿನ ತುದಿ ತಣ್ಣಗಾಯಿತು. ಆಮೇಲೆ ದಿಬ್ಬದ ಮೇಲಿನ ಪೊದೆಗಳು ಬಾಗಿದವು, ಒಂದೊಂದಾಗಿ, ಮೇಲಿನಿಂದ ಕೆಳಕ್ಕೆ, ಅವಳ ಕಡೆಗೆ. ಉತ್ತರದ ಗಾಳಿ ಬಂತು. ಉಸ್ತಾದ್ ಕುಪ್ಪಿ ಹಿಚುಕಿದರು. ಪುಡಿ ಹಿಂದಕ್ಕೆ ಹಾರಿ ಅವರ ಗಡ್ಡಕ್ಕೇ ಮೆತ್ತಿಕೊಂಡಿತು.

ಅವಳು ಆಗಲೇ ಬಿಲ್ಲೆತ್ತಿದ್ದಳು.

ಅಷ್ಟು ಹೊತ್ತು ಮರಗಟ್ಟಿದ ಕೈಯಲ್ಲಿ ಹೇಗೆ ಎಳೆದಳೋ ನನಗೆ ಗೊತ್ತಿಲ್ಲ. ಭುಜ ಒಂದು ಸಲ ನಡುಗಿದ್ದು ಕಂಡಿತು, ಆಮೇಲೆ ನಿಂತಿತು. ಕಣ್ಣಿಗೆ ಧೂಳು ಬಡಿಯುತ್ತಿತ್ತು, ಅವಳು ರೆಪ್ಪೆ ಹೊಡೆಯಲಿಲ್ಲ. ನಾನು ಉಸಿರು ಹಿಡಿದಿದ್ದೆ. ಇಡೀ ಬಯಲು ಉಸಿರು ಹಿಡಿದಿದೆ ಎಂದು ನನಗೆ ನಿಜಕ್ಕೂ ಅನಿಸಿತು, ಜಿಂಕೆ ಕೂಡ. ಬೆರಳು ಬಿಟ್ಟದ್ದು ಕಾಣಲಿಲ್ಲ, ಅವಳ ಕೈ ಕಿವಿಯ ಹಿಂದಕ್ಕೆ ಹೋಗಿ ನಿಂತದ್ದು ಮಾತ್ರ ಕಂಡಿತು. ಬಾಣದ ಶಬ್ದವನ್ನು ಗಾಳಿ ನುಂಗಿತು.

ನಾನು ಓಡಿದೆ. ಅವಳು ಏಳಲು ನೋಡಿ, ಕಾಲು ಬಾರದೆ ಪಕ್ಕಕ್ಕೆ ಒರಗಿದ್ದಳು. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದೆ. ಅವಳ ಕಣ್ಣಿನ ತುಂಬಾ ಧೂಳು, ನೀರು ಇಳಿಯುತ್ತಿತ್ತು.

"ಎಲ್ಲಿ ತಾಗಿತು?" ಎಂದಳು. "ನಂಗೆ ಕಾಣ್ಲಿಲ್ಲ. ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಗುಡ್ಡೆಯ ಮೇಲೆ ಎಲ್ಲ ಕಾಣುವ ಜಾಗದಲ್ಲೇ ಕೂತಿದ್ದೆ, ಜಿಂಕೆಯೂ ಎದುರಿಗೇ ಇತ್ತು. ನಾನು ಅವಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನ ಮುಖ ನೋಡಿ, ತಪ್ಪಿಹೋಯಿತೆಂದುಕೊಂಡಳು. ತುಟಿ ಬಿಗಿದುಕೊಂಡು, ಸರಿ ಬಿಡಿ ಎಂದು ಬಿಲ್ಲನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟುಬಿಡುತ್ತೇನೆ ಎಂದಿದ್ದಳಲ್ಲ, ಆ ರೀತಿಯೇ ಕೊಟ್ಟಳು.

ಉಸ್ತಾದ್ ನಮಗಿಂತ ಮುಂದೆ ದಿಬ್ಬ ಹತ್ತುತ್ತಿದ್ದರು. ಜಿಂಕೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ನೆಟ್ಟಗಾಗಿ, ಎಲ್ಲರಿಗೂ ಮಾಡುವ ಹಾಗೆ ಕೈ ಬೀಸಿ ಕರೆಯಲಿಲ್ಲ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಬಲಗೈಯನ್ನು ತಮ್ಮ ಎದೆಯ ಮೇಲೆ ಇಟ್ಟು, ಅವಳ ಕಡೆ ತಿರುಗಿ ನಿಂತರು. ಅವಳಿಗೆ ಆಗ ಗೊತ್ತಾಯಿತು. ನನ್ನ ತೋಳು ಬಿಡಿಸಿಕೊಂಡು, ಕುಂಟುತ್ತಾ, ಕೈಯೂರುತ್ತಾ ದಿಬ್ಬ ಹತ್ತಿದಳು.

ಬಾಣ ಮುಂಗಾಲಿನ ಹಿಂದೆ, ವೃತ್ತದ ನಡುವಿನಲ್ಲಿ, ಗರಿ ಮಾತ್ರ ಕಾಣುವಷ್ಟು ಆಳಕ್ಕೆ ಹೋಗಿತ್ತು. ಅವಳು ಸ್ವಲ್ಪ ಹೊತ್ತು ಅದನ್ನು ಮುಟ್ಟದೆ ನಿಂತಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬರಲಿಲ್ಲ. ಭುಜದಲ್ಲಿ ಬಲವೇ ಉಳಿದಿರಲಿಲ್ಲ, ನೋವಿಗೆ ಮುಖ ಕಿವುಚಿಕೊಂಡಿತು. ನಾನು ಬಿಲ್ಲು ಕೆಳಗಿಟ್ಟು, ಬಾಣಕ್ಕೆ ಕೈ ಚಾಚಿದೆ. ಅವಳು ನನ್ನ ಕೈಯನ್ನು ಪಟ್ಟೆಂದು ಹೊಡೆದು ಸರಿಸಿದಳು.

"ಮುಟ್ಬೇಡಿ," ಎಂದಳು. "ಇದು ನನ್ನದು."

ನಾನು ಹಿಂದೆ ಸರಿದೆ. ಅವಳು ಜಿಂಕೆಯ ಪಕ್ಕೆಗೆ ಕಾಲು ಕೊಟ್ಟು, ಹಿಂದಕ್ಕೆ ಒರಗಿ, ಮತ್ತೆ ಎಳೆಯತೊಡಗಿದಳು. ಉಸ್ತಾದ್ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಬಾಣ ಕೂದಲೆಳೆಯಷ್ಟು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಎಷ್ಟು ಹೊತ್ತು ಬೇಕಾಯಿತೋ ನನಗೆ ನೆನಪಿಲ್ಲ. ನಾನು ಕೈ ಕಟ್ಟಿಕೊಂಡು ಕಾದೆ.